ಬಿಡುವಾದಾಗ ಬರಬಹುದಾ

ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಮನೆಯ ಈನಿಡ್ ಹೋಲ್‌ರಾಯ್ಡ್ ನಲವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಊಟ ಬಡಿಸಿದವಳು. ಹೊಸದಾಗಿ ಬಂದ ನಮ್ಮಂಥ ಹೆಂಗಸರಿಗೆ ಬುಧವಾರ ಚರ್ಚಿನ ಹಾಲ್‌ನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಒಮ್ಮೆ ಬೇಕರಿಯಲ್ಲಿ ನಾನು "ಬ್ರೆಡ್ ಕೊಡು" ಅಂದಾಗ ಪಕ್ಕದಲ್ಲಿದ್ದ ಅವಳ ಮುಖ ನಾಚಿಕೆಯಿಂದ ಕೆಂಪಾಯಿತು.

"ಹಂಗಲ್ಲ ಚಿನ್ನ. ಏನಾದ್ರೂ ಕೇಳೋವಾಗ ಕುಡ್ ಹಾಕು, ವುಡ್ ಹಾಕು. ಎದುರಿನವರಿಗೆ ಇಲ್ಲ ಅನ್ನೋಕೆ ಜಾಗ ಬಿಡಬೇಕು."

ಮಸ್ಟ್ ಅನ್ನುವ ಪದವನ್ನು ಅವಳು ತನ್ನ ನಾಯಿಗೂ ಬಳಸಿದವಳಲ್ಲ.

ಕಳೆದ ಜನವರಿಯ ಒಂದು ಮಧ್ಯಾಹ್ನ ಫೋನ್ ಮಾಡಿದಳು. "ನಿಂಗೆ ಬಿಡುವಾದಾಗ ಒಂದ್ನಿಮಿಷ ಬಂದು ಹೋಗೋಕಾಗಬಹುದಾ? ಅವಸರ ಏನಿಲ್ಲ."

"ಖಂಡಿತ ಬರ್ತೀನಿ" ಅಂದೆ. ಊಟ ಮುಗಿಸಿದೆ, ಪಾತ್ರೆ ತೊಳೆದೆ, ಬಟ್ಟೆ ಮಡಚಿದೆ. ಹೋದಾಗ ಮೂರು ಗಂಟೆ. ಅಡುಗೆಮನೆಯ ತಣ್ಣನೆಯ ಕಲ್ಲುನೆಲದ ಮೇಲೆ ಸೊಂಟ ಮುರಿದುಕೊಂಡು ಬಿದ್ದಿದ್ದಳು, ತುಟಿ ನೀಲಿಗಟ್ಟಿತ್ತು. ನನ್ನನ್ನು ಕಂಡು "ಸಾರಿ, ತೊಂದ್ರೆ ಕೊಟ್ಟೆ" ಅಂದಳು.

ಆಸ್ಪತ್ರೆಯಲ್ಲೂ ಅದೇ ಹಾಡು. ನೋವೆಷ್ಟು ಅಂತ ನರ್ಸ್ ಕೇಳಿದರೆ "ಸ್ವಲ್ಪ ಇರಬಹುದೇನೋ" ಅಂದಳು. ನರ್ಸ್ ಅಷ್ಟನ್ನೇ ಬರೆದುಕೊಂಡು ಹೋದಳು. ನನಗೆ ಮೈಯೆಲ್ಲ ಉರಿಯಿತು.

"ಬಿದ್ದಿದೀನಿ, ಬೇಗ ಬಾ ಅನ್ನೋಕೇನಾಗಿತ್ತು ನಿನಗೆ?" ಅಂತ ರೇಗಿದೆ.

ದಡ್ಡಿಯನ್ನು ನೋಡುವಂತೆ ನನ್ನನ್ನು ನೋಡಿದಳು. "ಆ ಹೊತ್ತಿಗೆ ನೀನು ಊಟಕ್ಕೆ ಕೂತಿರ್ತೀಯಲ್ಲ, ಚಿನ್ನ."

ಮರುದಿನ ಬೆಳಿಗ್ಗೆ ಹೋದಾಗ ಅವಳ ಮಂಚ ಖಾಲಿಯಾಗಿತ್ತು; ರಾತ್ರಿಯೇ ತೀರಿಕೊಂಡಿದ್ದಳು.

ಅವಳು ಹೇಳಿದ್ದು ಸರಿ. ಫೋನ್ ಇಟ್ಟವಳೇ ನಾನು ಎರಡನೇ ಸಲ ಅನ್ನ ಬಡಿಸಿಕೊಂಡಿದ್ದೆ.