ಚಳಿಗಾಲದಲ್ಲಿ ಬಿಸಿಲು ಬೀಳದ ಅಂಗಳ

ನಮ್ಮ ದೊಡ್ಡಮ್ಮ ಇಂದು ಸ್ವಂತ ಮನೆಯಿಲ್ಲದೆ ಇರುವುದಕ್ಕೆ ನೀವು ಕಾರಣ. ಇದನ್ನು ಸುತ್ತಿಬಳಸಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳ ಕನ್ನಡ ಕುಟುಂಬಗಳನ್ನು ವರ್ಷಕ್ಕೊಮ್ಮೆ ಒಂದುಗೂಡಿಸುವ ನಮ್ಮ ಪುಟ್ಟ ಬಳಗದ ಸಮಿತಿಯವರೇ, ಫ್ರಾನ್ಸಿನ ಹಳ್ಳಿಮನೆಗಳನ್ನು ಕೊಡಿಸುವ ಆ ಸಲಹೆಗಾರರನ್ನು ದೀಪಾವಳಿಯ ವೇದಿಕೆಗೆ ಹತ್ತಿಸಿದವರು ನೀವು. 'ನಮ್ಮವರೇ, ಕಣ್ಣುಮುಚ್ಚಿ ನಂಬಬಹುದು' ಎಂದು ಮೈಕಿನಲ್ಲಿ ಸಾರಿದವರೂ ನೀವೇ. ತಾವು ಮಾರಿಸಿದ ಮನೆ ಚಳಿಗಾಲದಲ್ಲಿ ಹೇಗಿರುತ್ತದೆಂದು ಆ ಸಲಹೆಗಾರರಿಗೆ ಗೊತ್ತಿತ್ತು. ಗೊತ್ತಿದ್ದೂ ಅವರು ಹೇಳಲಿಲ್ಲ. ಹೇಳಿ ಎಂದು ಒತ್ತಾಯಿಸಬೇಕಾಗಿದ್ದ ನೀವು ಒತ್ತಾಯಿಸಲಿಲ್ಲ. ನನ್ನ ಆರೋಪ ಇಷ್ಟೇ. ಇನ್ನು, ನಡೆದದ್ದನ್ನು ಹೇಳುತ್ತೇನೆ.

ಅಮ್ಮನೂ ಸೇರಿ ಒಡಹುಟ್ಟಿದವರು ಮೂವರು, ಮೂವರೂ ಹೆಣ್ಣುಮಕ್ಕಳು. ಮೈಸೂರಿನ ಒಂದು ವಠಾರದಲ್ಲಿ ಬೆಳೆದವರು. ಹಿರಿಯಳಾದ ದೊಡ್ಡಮ್ಮ ಪಶ್ಚಿಮ ಆಸ್ಟ್ರೇಲಿಯಾದ ಗಣಿಗಳಲ್ಲಿ ಭೂವಿಜ್ಞಾನಿಯಾಗಿದ್ದವರನ್ನು ಮದುವೆಯಾಗಿ ಪರ್ತ್‌ಗೆ ಬಂದರು. ಕಿರಿಯಳಾದ ಚಿಕ್ಕಮ್ಮ ಬ್ರಿಸ್ಬೇನ್‌ನಲ್ಲಿ ಇಂಡೂರೂಪಿಲ್ಲಿಯ ಹತ್ತಿರದ ಶಾಲೆಯೊಂದರಲ್ಲಿ ಶಿಕ್ಷಕಿ. ನಡುವಿನವಳು ನನ್ನಮ್ಮ; ಅಡಿಲೇಡ್‌ನ ಸ್ಯಾಲಿಸ್‌ಬರಿಯಲ್ಲಿ ನಮ್ಮ ಮನೆ, ವೃದ್ಧರ ಆರೈಕೆ ಕೇಂದ್ರದಲ್ಲಿ ಅವಳ ಕೆಲಸ. ಮೂವರೂ ಒಂದೇ ದೇಶದಲ್ಲಿದ್ದಾರೆಂದು ಊರಿನವರು ಹೊಟ್ಟೆಕಿಚ್ಚು ಪಡುತ್ತಿದ್ದರು. ಪರ್ತ್‌ನಿಂದ ಬ್ರಿಸ್ಬೇನ್‌ಗೆ ಹಾರುವ ಹೊತ್ತಿನಲ್ಲಿ ಬೆಂಗಳೂರಿನಿಂದ ದುಬೈ ಮುಟ್ಟಬಹುದೆಂಬುದು ಅವರಿಗೆ ತಿಳಿಯದು. ಅಕ್ಕತಂಗಿಯರು ಕೂಡಿ ಕೂತದ್ದು ಮದುವೆಗಳಲ್ಲಿ, ಸಾವುಗಳಲ್ಲಿ.

ದೊಡ್ಡಪ್ಪ ತೀರಿಕೊಂಡ ಮೇಲೆ, ವೈಕುಂಠ ಸಮಾರಾಧನೆಯ ಊಟ ಮುಗಿದು ಬಂದವರೆಲ್ಲ ಹೊರಟ ನಂತರ, ಮೂವರೂ ಪರ್ತ್‌ನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ನಾನು ಒರೆಸಿಡುತ್ತಿದ್ದೆ. ದೊಡ್ಡಮ್ಮ ನಲ್ಲಿ ನಿಲ್ಲಿಸಿ ಕೇಳಿದರು:

"ಇನ್ನು ನಾವ್ ಮೂರು ಜನ ಸೇರೋದು ಯಾರು ಸತ್ತಾಗ್ಲೇ?"

"ಅಕ್ಕ, ನಿನ್ ಬಾಯಿಗೆ ಸಕ್ಕರೆ ಹಾಕ್ಬೇಕೋ ಬೀಗ ಹಾಕ್ಬೇಕೋ ಗೊತ್ತಾಗಲ್ಲ," ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ಆದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಸಾಯುವ ಮುನ್ನ ವರ್ಷಕ್ಕೆ ಕೆಲವು ವಾರವಾದರೂ ಒಂದೇ ಸೂರಿನಡಿ ಇರಬೇಕೆಂಬುದು ಅಂದಿನಿಂದ ದೊಡ್ಡಮ್ಮನ ಒಂದೇ ಆಸೆಯಾಯಿತು.

ಮುಂದಿನ ದೀಪಾವಳಿಯಲ್ಲಿ ಬ್ರಿಸ್ಬೇನ್‌ನ ಸಭಾಂಗಣದ ಪರದೆಯ ಮೇಲೆ ಆ ಸಲಹೆಗಾರರು ಚಿತ್ರಗಳನ್ನು ತೋರಿಸಿದರು. ಕಲ್ಲಿನ ಮನೆ, ಅದರ ಮಗ್ಗುಲಿಗೆ ಹಸುವಿನ ಕೊಟ್ಟಿಗೆ, ಹುಲ್ಲು ಕೂಡಿಡುವ ಎತ್ತರದ ಕಟ್ಟಡ, ಬ್ರೆಡ್ ಸುಡುವ ಒಲೆಯ ಕೋಣೆ, ಸುತ್ತ ಎರಡೆಕರೆ ಹುಲ್ಲುಗಾವಲು. ಫ್ರಾನ್ಸಿನ ಒಳನಾಡಿನಲ್ಲಿ ಇಂಥವು ಖಾಲಿ ಬಿದ್ದಿವೆ ಎಂದರು.

"ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ ಸಮುದ್ರ ಕಾಣೋ ಒಂದು ಫ್ಲ್ಯಾಟ್ ಬರೋ ದುಡ್ಡಿಗೆ ಅಲ್ಲಿ ಒಂದು ವಠಾರನೇ ಬರುತ್ತೆ ಅಕ್ಕ."

ವಠಾರ ಎಂಬ ಮಾತು ಕಿವಿಗೆ ಬಿದ್ದಾಗ ದೊಡ್ಡಮ್ಮ ಕುರ್ಚಿಯಲ್ಲಿ ನೆಟ್ಟಗಾದದ್ದನ್ನು ನಾನು ನೋಡಿದೆ. ದೊಡ್ಡ ಮನೆ ತನಗೆ, ಕೊಟ್ಟಿಗೆಯನ್ನು ರಿಪೇರಿ ಮಾಡಿಸಿ ಒಬ್ಬ ತಂಗಿಗೆ, ಒಲೆಯ ಕೋಣೆ ಇನ್ನೊಬ್ಬಳಿಗೆ, ನಡುವೆ ಎಲ್ಲರದೂ ಆದ ಅಂಗಳ. ಪರ್ತ್‌ಗೆ ಮರಳುವ ಹೊತ್ತಿಗೆ ಅವರ ಮನಸ್ಸಿನಲ್ಲಿ ಹಂಚಿಕೆಯೂ ಆಗಿತ್ತು, ಯಾರು ಮೊದಲು ಎದ್ದು ಕಾಫಿ ಬೆರೆಸಬೇಕೆಂಬ ಜಗಳವೂ ಆಗಿತ್ತು.

ನಮ್ಮ ಕುಟುಂಬದ ತಪ್ಪನ್ನು ನಾನು ಮುಚ್ಚಿಡುವುದಿಲ್ಲ. ಮನೆಯೊಂದು ಮಾರಾಟಕ್ಕಿದೆ ಎಂದರೆ ನಮ್ಮವರು ಮೊದಲು ಕೇಳುವುದು 'ಮುಖ ಯಾವ ಕಡೆ?' ಎಂದು. ವಾಸ್ತುವಿನಲ್ಲಿ ಉತ್ತರ ಕುಬೇರನ ದಿಕ್ಕು. ಆಸ್ಟ್ರೇಲಿಯಾಕ್ಕೆ ಬಂದ ಮೇಲೆ ಆ ನಂಬಿಕೆಗೆ ಇನ್ನೊಂದು ಬಲ ಕೂಡಿತು: ಇಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ನಡೆಯುತ್ತಾನೆ, ಉತ್ತರಕ್ಕೆ ತೆರೆದ ಮನೆಯೇ ಬೆಚ್ಚಗಿನ ಮನೆ. ಮನೆ ತೋರಿಸುವ ಪ್ರತಿ ಏಜೆಂಟನೂ 'ನಾರ್ತ್ ಫೇಸಿಂಗ್' ಎಂಬುದನ್ನು ಮಂತ್ರದಂತೆ ಹೇಳುತ್ತಾನೆ. ಕುಬೇರನೂ ಸೂರ್ಯನೂ ಒಂದೇ ಬಾಗಿಲಿನಿಂದ ಬರುತ್ತಾರೆಂದು ನಮ್ಮವರು ಇಪ್ಪತ್ತೈದು ವರ್ಷ ನಂಬಿ ಬಾಳಿದ್ದಾರೆ. ಮೈಸೂರಿನಲ್ಲಿದ್ದಾಗ ಸೂರ್ಯ ನೆತ್ತಿಯ ಹತ್ತಿರವೇ ಹಾಯುತ್ತಿದ್ದುದರಿಂದ ಈ ಲೆಕ್ಕ ಯಾರಿಗೂ ಬೇಕಾಗಿರಲಿಲ್ಲ. ಯೂರೋಪಿನಲ್ಲಿ ಅವನು ದಕ್ಷಿಣಕ್ಕೆ ಸರಿದು, ಚಳಿಗಾಲದಲ್ಲಿ ಬಾನಂಚಿಗೆ ಅಂಟಿಕೊಂಡೇ ಸಾಗುತ್ತಾನೆಂಬುದು ಮೂವರು ಅಕ್ಕತಂಗಿಯರಿಗೆ ಹೊಳೆಯಲಿಲ್ಲ. ಓದಿಕೊಂಡವರೆನಿಸಿಕೊಂಡ ನಮಗೂ ಹೊಳೆಯಲಿಲ್ಲ. ಆದರೆ ಹೊಳೆಯಬೇಕಾದವರು, ಅದಕ್ಕೆಂದೇ ಶುಲ್ಕ ಪಡೆದವರು, ಒಬ್ಬರಿದ್ದರು.

ಅವರು ಕೇಳಿದ್ದರು, "ಯಾವ ತಿಂಗಳು ಹೋಗಿ ಇರ್ತೀರಾ ಅಕ್ಕ?"

"ನಾನು ವೀಸಾ ಮಾಡಿಸ್ಕೊಂಡು ಅಲ್ಲೇ ಇರ್ತೀನಪ್ಪ. ಇವರಿಬ್ಬರೂ ಬರೋಕಾಗೋದು ಡಿಸೆಂಬರ್, ಜನವರಿ. ಇವಳ ಸ್ಕೂಲಿಗೆ ಸಮ್ಮರ್ ಹಾಲಿಡೇಸ್ ಆಗ್ಲೇ ಅಲ್ವಾ?"

"ಸೂಪರ್. ಕ್ರಿಸ್ಮಸ್ ಟೈಮಲ್ಲಿ ಆ ಕಡೆ ನೋಡೋಕೆ ಎರಡು ಕಣ್ಣು ಸಾಲಲ್ಲ."

ಅಂದರೆ ಮೂವರೂ ಒಟ್ಟಿಗಿರಬಲ್ಲ ತಿಂಗಳುಗಳು ಯಾವುವೆಂದು ಅವರಿಗೆ ಸ್ಪಷ್ಟವಾಗಿ ತಿಳಿದಿತ್ತು. ಈ ಸಂಗತಿಯನ್ನು ಸಮಿತಿ ಗಮನಿಸಬೇಕು.

ಜೂನ್‌ನಲ್ಲಿ ಅವರು ದೊಡ್ಡಮ್ಮನಿಗಾಗಿ ಆರಿಸಿದ್ದ ಮನೆಯಿಂದ ವಿಡಿಯೋ ಕರೆ ಮಾಡಿದರು. ಮೂರು ಊರುಗಳಲ್ಲಿ ಮೂವರು ಅಕ್ಕತಂಗಿಯರು ಫೋನಿಗೆ ಕಣ್ಣು ನೆಟ್ಟು ಕೂತಿದ್ದರು. ಅಂಗಳದ ತುಂಬ ಬಿಸಿಲು. ಹಿಂದೆ ಹಸಿರು ಗುಡ್ಡ, ಮುಂದೆ ಇಳಿಜಾರಿನ ಕಣಿವೆ.

"ನಾರ್ತ್ ಫೇಸಿಂಗಾ?" ಅಮ್ಮ ಕೇಳಿದಳು.

"ಪಕ್ಕಾ ನಾರ್ತ್ ಅಕ್ಕ. ಬೇಕಾದ್ರೆ ದಿಕ್ಸೂಚಿ ಇಟ್ಟು ತೋರಿಸ್ತೀನಿ."

"ದಿಕ್ಸೂಚಿ ಇರ್ಲಿ, ಕ್ಯಾಮೆರಾ ಕೆಳಗಿಳಿಸಪ್ಪ, ನೆಲ ತೋರ್ಸು," ಎಂದರು ದೊಡ್ಡಮ್ಮ. "ಸಂಡಿಗೆ ಇಡೋಕೆ ಜಾಗ ಬೇಕು. ಇಲ್ಲಿ ಹಿತ್ತಲಲ್ಲಿ ಒಣಗಿಸಿದ್ರೆ ಕಾಗೆಗಿಂತ ಮೊದಲು ಪಕ್ಕದ ಮನೆ ನಾಯಿ ಬರುತ್ತೆ."

ಅವರು ನೆಲ ತೋರಿಸಿದರು. ಚಪ್ಪಡಿ ಹಾಸಿದ, ಬಿಸಿಲಿಗೆ ಕಾದ ನೆಲ. ಉಬ್ಬಸವಿರುವ ದೊಡ್ಡಮ್ಮನಿಗೆ ಒಣಗಿದ ಬೆಚ್ಚನೆಯ ಜಾಗ ಬೇಕೆಂದು ಪರ್ತ್‌ನ ವೈದ್ಯರು ಹೇಳಿದ್ದನ್ನು ಆ ಕರೆಯಲ್ಲಿಯೇ ಚಿಕ್ಕಮ್ಮ ಸಲಹೆಗಾರರಿಗೆ ತಿಳಿಸಿದಳು. "ನೋಡ್ತಿದ್ದೀರಲ್ಲ," ಎಂದಷ್ಟೇ ಅವರು ನಕ್ಕರು.

ದೊಡ್ಡಮ್ಮ ಪರ್ತ್‌ನ ಮನೆ ಮಾರಿ, ಆ ದುಡ್ಡಿನಲ್ಲಿ ಫ್ರಾನ್ಸಿನ ಮನೆ ಕೊಂಡರು. ಸಾಮಾನು ಕಟ್ಟಲು ನಾನು ಹೋಗಿದ್ದೆ. ಗಡಿ ದಾಟಿಸಲಾಗದ ಕರಿಬೇವಿನ ಗಿಡವನ್ನು ನೆರೆಮನೆಯ ಹೆಂಗಸಿಗೆ ಒಪ್ಪಿಸಿ, ಎಲೆಯನ್ನು ಹೇಗೆ ಕೀಳಬೇಕು, ಹೇಗೆ ಕೀಳಬಾರದು ಎಂಬುದನ್ನು ಬೇಲಿಯ ಈಚೆ ನಿಂತು ಬಹಳ ಹೊತ್ತು ಕಲಿಸಿದರು. ಅಳಲಿಲ್ಲ. ವಠಾರಕ್ಕೆ ಹೋಗುವವರು ಯಾಕೆ ಅಳಬೇಕು?

ಧನುರ್ಮಾಸದಲ್ಲಿ ಹೊಸ ಮನೆ ಹೊಗಬಾರದೆಂದು ಸಂಕ್ರಾಂತಿ ಕಳೆಯುವವರೆಗೆ ಕಾದೆವು. ಜನವರಿಯಲ್ಲಿ ನಾವು ನಾಲ್ವರು ಆ ಹಳ್ಳಿಗೆ ತಲುಪಿದಾಗ ಕತ್ತಲಾಗಿತ್ತು. ಪೇಟೆಯ ಹೋಟೆಲಿನಲ್ಲಿ ತಂಗಿ, ಬೆಳಿಗ್ಗೆ ಮನೆಗೆ ಹೋದೆವು. ಅಂಗಳದ ಚಪ್ಪಡಿಗಳ ಮೇಲೆ ಮಂಜು ಬೆಳ್ಳಗೆ ಗಟ್ಟಿಯಾಗಿತ್ತು. ಕಣಿವೆಯಾಚೆಯ ಇಳಿಜಾರು ಮಾತ್ರ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

"ಅಲ್ಲಿಗೆ ಬಂದಿದೆ, ಇಲ್ಲಿಗೂ ಬರುತ್ತೆ ಬಿಡು," ಎಂದಳು ಅಮ್ಮ.

ಮೈಸೂರಿನಿಂದ ಪುರೋಹಿತರು ಫೋನಿನಲ್ಲಿ ಗೃಹಪ್ರವೇಶ ಮಾಡಿಸುತ್ತಿದ್ದರು. ಸಣ್ಣ ಗ್ಯಾಸ್ ಒಲೆಯ ಮೇಲೆ ಹಾಲು ಉಕ್ಕಲು ಬಹಳ ತಡಮಾಡಿತು. ಆಮೇಲೆ ಅವರು, "ಹೊರಗೆ ಬನ್ನಿ ಅಮ್ಮ, ಸೂರ್ಯನ ಕಡೆ ತಿರುಗಿ ಅರ್ಘ್ಯ ಬಿಡಿ," ಎಂದರು.

ತಂಬಿಗೆ ಹಿಡಿದು ಅಂಗಳದ ನಡುವೆ ನಿಂತ ದೊಡ್ಡಮ್ಮ ಒಂದು ಸುತ್ತು ತಿರುಗಿದರು. ಮತ್ತೊಂದು ಸುತ್ತು ತಿರುಗಿದರು.

"ಸೂರ್ಯ ಎಲ್ಲೇ?"

"ಮೋಡ ಇದೆಯೇನಮ್ಮ?" ಫೋನು ಕೇಳಿತು.

"ಮೋಡ ಇಲ್ಲ ಶಾಸ್ತ್ರಿಗಳೇ. ಆಕಾಶ ನೀಲಿ ಇದೆ. ಸೂರ್ಯ ಇಲ್ಲ."

"ಮುಹೂರ್ತ ಮೀರುತ್ತೆ. ಪೂರ್ವ ಯಾವುದು ನೋಡ್ಕೊಂಡು ಬಿಟ್ಟುಬಿಡಿ ತಾಯಿ."

ಬಿಟ್ಟರು. ಮಧ್ಯಾಹ್ನವಾಯಿತು. ಮನೆಯ ಹಿಂದಿನ ಗುಡ್ಡದ ನೆತ್ತಿ ಸ್ವಲ್ಪ ಹೊತ್ತು ಬೆಳಗಿತು. ಅದರ ನೆರಳು ನಮ್ಮ ಅಂಗಳದಿಂದ ಕದಲಲೇ ಇಲ್ಲ. ಸೌದೆ ತಂದುಕೊಟ್ಟ ನೆರೆಯ ರೈತ ನಮ್ಮ ಮುಖಗಳನ್ನು ನೋಡಿ, ಗುಡ್ಡದ ಕಡೆ ಕೈತೋರಿಸಿ, ತನಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ವಿಷಯ ತಿಳಿಸಿದ. ಅಕ್ಟೋಬರಿನಲ್ಲಿ ಹೋದ ಬಿಸಿಲು ಈ ಅಂಗಳಕ್ಕೆ ಮರಳುವುದು ಫೆಬ್ರವರಿ ಕಳೆದ ಮೇಲೆ.

ಗೋಡೆಗಳು ಒಳಗಿನಿಂದ ಬೆವರಿದ್ದವು. ಕೊಟ್ಟಿಗೆಯಲ್ಲೂ ಒಲೆಯ ಕೋಣೆಯಲ್ಲೂ ಬೂಷ್ಟು ಮೊಳಕಾಲೆತ್ತರ ಹತ್ತಿತ್ತು. ಎರಡು ದಿನ ಹಟ ಹಿಡಿದು ಅಲ್ಲಿಯೇ ಮಲಗಿದ ದೊಡ್ಡಮ್ಮನಿಗೆ ಉಬ್ಬಸ ಏರಿ ಮಾತೇ ಹೊರಡದಾಯಿತು. ಪೇಟೆಯ ವೈದ್ಯೆ, ಚಳಿಗಾಲದಲ್ಲಿ ಇವರು ಆ ಮನೆಯಲ್ಲಿರಕೂಡದೆಂದು ಕಟ್ಟುನಿಟ್ಟಾಗಿ ಹೇಳಿದರು. ಮೂವರು ಕೂಡಬಹುದಾದ ಕಾಲವೆಂದರೆ ಆ ಚಳಿಗಾಲವೊಂದೇ.

ಹೋಟೆಲಿನ ಕೋಣೆಯಿಂದ ನಾನು ಸಲಹೆಗಾರರಿಗೆ ಫೋನ್ ಮಾಡಿದೆ. ಮೂವರೂ ಕೇಳುವಂತೆ ಸ್ಪೀಕರ್ ಹಾಕಿದ್ದೆ.

"ಅಂಕಲ್, ಆ ಅಂಗಳಕ್ಕೆ ಚಳಿಗಾಲದಲ್ಲಿ ಬಿಸಿಲೇ ಬೀಳಲ್ಲ ಅಂತ ನಿಮಗೆ ಗೊತ್ತಿತ್ತಾ?"

"ನೋಡಮ್ಮ, ನೀವು ನಾರ್ತ್ ಫೇಸಿಂಗ್ ಕೇಳಿದ್ರಿ, ನಾನು ನಾರ್ತ್ ಫೇಸಿಂಗ್ ಕೊಡಿಸ್ದೆ."

"ಗೊತ್ತಿತ್ತಾ, ಇಲ್ವಾ?"

"ಫೆಬ್ರವರಿ ಮೊದಲಲ್ಲಿ ನೋಡೋಕೆ ಹೋದಾಗ ಸ್ವಲ್ಪ ಡಲ್ ಆಗಿತ್ತು. ಅದಕ್ಕೇ ವಿಡಿಯೋನ ಜೂನ್‌ಗೆ ಇಟ್ಕೊಂಡೆ. ಅದ್ರಲ್ಲಿ ತಪ್ಪೇನು? ಹೆಣ್ಣು ತೋರಿಸೋರು ಜ್ವರ ಬಂದಿರೋ ದಿನ ತೋರಿಸ್ತಾರೇನಮ್ಮ?"

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಮಂಚದ ಮೇಲಿನಿಂದ, ಉಸಿರು ಕೂಡಿಸಿಕೊಂಡು, ಹೇಳಿದರು:

"ಜ್ವರ ಇಳಿಯುತ್ತಪ್ಪ. ಗುಡ್ಡ ಇಳಿಯಲ್ಲ."

ಸಲಹೆಗಾರರು ಕರೆ ಕತ್ತರಿಸಿದರು. ಆನಂತರ ನಮ್ಮ ಯಾರ ಫೋನನ್ನೂ ತೆಗೆದಿಲ್ಲ.

ಅಡಿಲೇಡ್‌ಗೆ ಮರಳಿದ ಮೇಲೆ ನಾನು ಸಮಿತಿಯ ಹಿರಿಯರೊಬ್ಬರನ್ನು ಕಂಡು ಎಲ್ಲವನ್ನೂ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿದರು. ಕೊನೆಯಲ್ಲಿ, "ನಮ್ಮ ನಮ್ಮಲ್ಲೇ ಇರ್ಲಿ ಪುಟ್ಟ, ಹೊರಗೆಲ್ಲ ಬರೀಬೇಡ. ಸಂಡೇ ಆರ್ವೋ ನಮ್ಮನೇಲಿ ಬಾರ್ಬಿ ಇದೆ, ಅವ್ರೂ ಬರ್ತಾರೆ. ತಿಂತಾ ಮಾತಾಡಿ ಮುಗಿಸ್ಕೊಳ್ಳೋಣ," ಎಂದರು. ಭಾನುವಾರ ಮಧ್ಯಾಹ್ನದ ಹಿತ್ತಲ ಊಟದಲ್ಲಿ ಮುಗಿಯುವ ವಿಷಯ ಇದೆಂದು ಅವರು ನಿಜವಾಗಿಯೂ ನಂಬಿದ್ದರು. ಪರದೇಶದಲ್ಲಿ ಒಬ್ಬರಿಗೊಬ್ಬರು ಆಗಬೇಕೆಂಬ ಒಳ್ಳೆಯ ಮಾತನ್ನು ನೀವು ಯಾರ ರಕ್ಷಣೆಗೆ ಬಳಸುತ್ತಿದ್ದೀರಿ? ಮೋಸಹೋದವಳೂ ನಮ್ಮವಳೇ ಅಲ್ಲವೇ? ನಾನು ಆ ಊಟಕ್ಕೆ ಹೋಗಲಿಲ್ಲ.

ಚಿಕ್ಕಮ್ಮ ಶಾಲೆ ತೆರೆಯುವ ಮುನ್ನ ಬ್ರಿಸ್ಬೇನ್‌ಗೆ ಮರಳಿದಳು. ದೊಡ್ಡಮ್ಮ ಈಗ ಸ್ಯಾಲಿಸ್‌ಬರಿಯ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿದ್ದಾರೆ. ಫ್ರಾನ್ಸಿನ ಆ ಮನೆಯನ್ನು ಕೊಳ್ಳುವವರಿಲ್ಲ. ಅಮ್ಮನಿಗೆ ಅಕ್ಕ ಜೊತೆಗಿರುವ ಸಂತೋಷವಿದೆ, ಆದರೆ ಅದನ್ನು ತೋರಿಸಲು ಹೆದರುತ್ತಾಳೆ. ಹುಟ್ಟಿದಾಗಿನಿಂದ ಇಬ್ಬರು ತಂಗಿಯರಿಗೂ ಅಪ್ಪಣೆ ಮಾಡುತ್ತ ಬಂದ ಹೆಂಗಸು ಈಗ ಬೆಳಿಗ್ಗೆ ಫ್ರಿಜ್ಜಿನ ಮುಂದೆ ನಿಂತು, "ಹಾಲು ತಗೊಳ್ಲಾ?" ಎಂದು ತಂಗಿಯನ್ನು ಕೇಳುತ್ತಾರೆ. "ಅಕ್ಕ, ಕೇಳ್ಬೇಡ್ವೇ, ಇದು ನಿನ್ ಮನೆನೇ," ಎಂದು ಅಮ್ಮ ದಿನವೂ ಹೇಳುತ್ತಾಳೆ. ಅವರು ದಿನವೂ ಕೇಳುತ್ತಾರೆ.

ಬಳಗದ ಇನ್ನೂ ಕೆಲವು ಕುಟುಂಬಗಳು ಅದೇ ಸಲಹೆಗಾರರ ಜೂನ್ ತಿಂಗಳ ವಿಡಿಯೋಗಳನ್ನು ನೋಡುತ್ತಿವೆಯೆಂದು ಕೇಳಿದ್ದೇನೆ. ನಾನು ಇದನ್ನು ಬರೆಯುತ್ತಿರುವುದು ಅವರಿಗಾಗಿಯೂ ಹೌದು.

ಆದ್ದರಿಂದ ಸಮಿತಿಯವರಲ್ಲಿ ನನ್ನ ಕೋರಿಕೆ ಇದು. ಆ ಸಲಹೆಗಾರರನ್ನು ಯಾವ ವಿಚಾರಣೆಯ ಮೇಲೆ ನಂಬಲರ್ಹರೆಂದು ಸಾರಿದಿರಿ, ಅವರಿಂದ ಬಳಗಕ್ಕಾಗಲಿ ಪದಾಧಿಕಾರಿಗಳಿಗಾಗಲಿ ಏನಾದರೂ ಸಂದಿತೇ ಎಂಬುದನ್ನು ಮೂರೂ ಊರುಗಳ ಸದಸ್ಯರಿಗೆ ಲಿಖಿತವಾಗಿ ತಿಳಿಸಬೇಕು. ಅವರನ್ನು ಬಹಿರಂಗ ಸಭೆಗೆ ಕರೆಸಿ, ತಾವು ಕಂಡಿದ್ದ ಚಳಿಗಾಲವನ್ನು ಏಕೆ ಬಚ್ಚಿಟ್ಟರೆಂದು ನಮ್ಮ ದೊಡ್ಡಮ್ಮನ ಎದುರಿನಲ್ಲಿಯೇ ಕೇಳಬೇಕು. ಪಡೆದ ಶುಲ್ಕವನ್ನು ಮರಳಿಸಿ, ಆ ಆಸ್ತಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಕೊಳ್ಳುವವರನ್ನು ಹುಡುಕಿಕೊಡುವ ಹೊಣೆಯನ್ನು ಅವರು ಹೊರುವಂತೆ ಮಾಡಬೇಕು. ಅಲ್ಲಿಯವರೆಗೆ ಬಳಗದ ವೇದಿಕೆಯಲ್ಲಿ ಅವರಿಗೆ ಸ್ಥಳ ಇರಕೂಡದು. ಈ ವಿಷಯದಲ್ಲಿ ಸಮಿತಿಯ ನಿಲುವೇನು, ಕೈಗೊಳ್ಳುವ ಕ್ರಮವೇನು ಎಂಬುದನ್ನು ಬರುವ ದೀಪಾವಳಿಯ ಸಭೆಗೆ ಮೊದಲೇ, ಸಮಿತಿಯ ಎಲ್ಲ ಸದಸ್ಯರ ಸಹಿಯೊಂದಿಗೆ, ನಮ್ಮ ಕುಟುಂಬಕ್ಕೆ ತಿಳಿಸಬೇಕೆಂದು ಈ ಮೂಲಕ ವಿಧ್ಯುಕ್ತವಾಗಿ ಕೋರುತ್ತೇನೆ.