ಮಾಳವ್ವನ ಆಟದ ನಾಲ್ಕನೇ ಪಾರ್ಟು

ಆಗೆಲ್ಲ ಬೇಸಿಗೆ ರಜೆ ಎಂದರೆ ನಮ್ಮ ಓಣಿಯ ಮಕ್ಕಳಿಗೆ ರಕ್ತ ಕಾಣುವ ಕಾಲ. ಅದರಲ್ಲೂ ಆ ಒಂದು ಬೇಸಿಗೆಯಲ್ಲಿ ಏನೇನು ಆಗಬಹುದಿತ್ತು ಎಂದು, ನಲವತ್ತೈದು ದಾಟಿದ ಮೇಲೂ, ಬಸ್ಸಿನಲ್ಲಿ ಕೂತಾಗ ಯೋಚಿಸುತ್ತಿರುತ್ತೇನೆ. ಇರ್ಫಾನನ ಕಣ್ಣು ಹೋಗಬಹುದಿತ್ತು. ಪಕ್ಕದ ಕೋಣೆಯ ಮುರಳಿಯ ತಲೆ ಒಡೆಯಬಹುದಿತ್ತು. ಗುರಿ ತಪ್ಪಿದ ಹೆಂಚಿನ ಚೂರು ದಾರಿಯಲ್ಲಿ ಹೋಗುವ ಯಾರದೋ ಅಜ್ಜಿಯ ಹಣೆಗೆ ಬಡಿಯಬಹುದಿತ್ತು. ತುಕ್ಕು ಹಿಡಿದ ಸೈಕಲ್ ಚೈನು ತಗುಲಿ ಒಬ್ಬರಿಗಾದರೂ ಧನುರ್ವಾಯು ಬಂದು ಬಿಲ್ಲಿನಂತೆ ಸೆಟೆದುಕೊಳ್ಳಬಹುದಿತ್ತು; ಆ ರೋಗದ ಪಾಠ ಓದಿ ನಾನು ಒಂದು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ಪೊಲೀಸರು ಬರಬಹುದಿತ್ತು. ಪೊಲೀಸರಿಗಿಂತ ಮುಂಚೆ ನಮ್ಮಮ್ಮ ಬರಬಹುದಿತ್ತು. ಇವುಗಳಲ್ಲಿ ಒಂದೂ ಆಗಲಿಲ್ಲ.

ನಮ್ಮ ವಠಾರ ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿತ್ತು. ಬೆಳಿಗ್ಗೆ ಕೊತ್ತಂಬರಿ ಮತ್ತು ಸುಗಂಧರಾಜದ ವಾಸನೆ, ಬಿಸಿಲೇರಿದರೆ ಮಾಂಸ, ಮೀನಿನ ನೀರು, ಸಂಜೆಗೆ ಕಬಾಬಿನ ಹೊಗೆ. ಓಣಿಯ ತುದಿಯಲ್ಲಿ ವಿಡಿಯೋ ಗೇಮ್ ಅಂಗಡಿ. ಒಂದು ಕತ್ತಲೆ ಕೋಣೆ, ಎರಡು ಮಷೀನು, ಹತ್ತಿಪ್ಪತ್ತು ಹುಡುಗರ ಬೆವರು. ಪರದೆಯ ಮೇಲೆ ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಸಾಯಬಡಿಯುತ್ತಿದ್ದರು. ಆ ಆಟಕ್ಕೆ ಎರಡನೇ ಪಾರ್ಟು ಬಂತು, ಮೂರನೆಯದೂ ಬಂತು. ಅದೇ ಗಂಡಸರು, ಅದೇ ಒದೆ. ಕೆಂಪು ಚಡ್ಡಿ ನೀಲಿಯಾಗಿತ್ತು, ರಕ್ತ ಮೊದಲಿಗಿಂತ ದೂರಕ್ಕೆ ಚಿಮ್ಮುತ್ತಿತ್ತು. ನಮಗೆ ಅಷ್ಟು ಸಾಕಾಗಿತ್ತು.

ಮಾಳವ್ವನನ್ನು ಮಾತ್ರ ಒಳಗೆ ಬಿಡುತ್ತಿರಲಿಲ್ಲ. ಹೆಣ್ಣುಮಕ್ಕಳು ಬರುವ ಜಾಗವಲ್ಲ ಎನ್ನುತ್ತಿದ್ದ ಅಂಗಡಿಯವನು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗಳು ಅವಳು, ನಮ್ಮ ವಠಾರದ ಕೊನೆಯ ಕೋಣೆಯಲ್ಲಿ ಬಾಡಿಗೆಗಿದ್ದರು. ಬಾಗಿಲಲ್ಲಿ ತುದಿಗಾಲ ಮೇಲೆ ನಿಂತರೆ ಅವಳಿಗೆ ಹುಡುಗರ ತಲೆಗಳ ಆಚೆ ಪರದೆಯ ಮೇಲಂಚು ಮಾತ್ರ ಕಾಣುತ್ತಿತ್ತು. ಅಲ್ಲಿ ಎರಡು ಹಳದಿ ಗೀಟು. ಏಟು ಬಿದ್ದ ಹಾಗೆಲ್ಲ ಗಿಡ್ಡವಾಗುತ್ತಿದ್ದವು. ಹೊಡೆದಾಟವನ್ನು ಅವಳು ಕಂಡೇ ಇರಲಿಲ್ಲ. ಆ ಎರಡು ಗೀಟನ್ನಷ್ಟೇ ನೋಡಿ ಒಂದು ಆಟ ಕಟ್ಟಿದಳು.

ವಠಾರದ ಹಿಂದಿನ ಗೋದಾಮಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮಾರುದ್ದದ ಎರಡು ಗೀಟು ಎಳೆಯಬೇಕು. ಕೆಳಗೆ ಇಬ್ಬರು ಹೊಡೆದಾಡಬೇಕು. ಏಟು ತಿಂದವನ ಗೀಟಿನಲ್ಲಿ ಒಂದು ಗೇಣು ಅಳಿಸಬೇಕು. ಗೀಟು ಮುಗಿದವನು ಸತ್ತ. ಅಳಿಸುವ ಕೆಲಸ ನನ್ನದು. ಧೈರ್ಯವಿಲ್ಲದವನಿಗೆ ಅಂಪೈರ್ ಹುದ್ದೆ ಎಲ್ಲ ಕಾಲದಲ್ಲೂ ಖಾಲಿ ಇರುತ್ತದೆ.

ಮೊದಲು ಅಂಗೈ ಏಟು ಮಾತ್ರ ಇತ್ತು. ವಾರದಲ್ಲೇ ಸೈಕಲ್ ಶಾಪಿನವರ ಮಗ ಇರ್ಫಾನನಿಗೆ ಬೇಜಾರಾಯಿತು. "ಪಾರ್ಟ್ ಟೂ ಮಾಡೋಣ ಮಗಾ. ಮುಷ್ಟೀಲಿ ಗುದ್ದೋದು," ಎಂದ. ಮೂರನೇ ಪಾರ್ಟಿಗೆ ಒದ್ದೆ ಟವೆಲ್ಲಿನ ತುದಿಯಲ್ಲಿ ಹೆಂಚಿನ ಚೂರು ಕಟ್ಟಿ ಬೀಸುವುದು ಬಂತು. ಒಂದು ಬೀಸಿಗೆ ಮುರಳಿಯ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದರೂ ಅವನು ಒಂದೇ ಕಣ್ಣಲ್ಲಿ ನೋಡುತ್ತ, "ನಂದಿನ್ನೂ ಎರಡು ಗೇಣಿದೆ ಡಾ, ಬಾರೋ!" ಎಂದು ಅರಚಿದ. ಅವನ ಹಣೆಯನ್ನು ಒತ್ತಿ ಹಿಡಿದ ಕೈಯಲ್ಲೇ ನಾನು ಗೋಡೆ ಒರೆಸಿದೆ. ಅಂಗೈಯ ಮೇಲೆ ಸುಣ್ಣವೂ ರಕ್ತವೂ ಕಲೆತು ಗುಲಾಬಿ ಬಣ್ಣವಾಯಿತು.

ಒಂದು ಸೋಮವಾರ ಮಧ್ಯಾಹ್ನ ಮಾಳವ್ವ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಬಿಲ್ಡಿಂಗ್ ಮುಗೀತು. ನಾಳಿಗಿ ನಾವ್ ಕೆ.ಆರ್. ಪುರಕ್ ಹೊಂಟೀವಿ. ಇವತ್ತ್ ಒಂದಿನ ನನ್ ಹೊಸಾ ಆಟ ಆಡಮು."

"ಹೊಸದು ಅಂದ್ರೆ?" ಎಂದ ಮುರಳಿ.

"ಗೀಟು ಮೊದಲ ಇರಂಗಿಲ್ಲ. ಕಣ್ಣಿಗಿ ಬಟ್ಟಿ ಕಟ್ಕೊಂಡು ಮಾರ್ಕೆಟ್‌ನಾಗ ಹೊಕ್ಕಬೇಕು. ಯಾವ ಅಂಗಡಿ ಮುಂದ ನಿಂತೀವಿ ಅಂತ ಬರೇ ಮೂಗಿಲೆ ಹೇಳಬೇಕು. ಬರೋಬರಿ ಹೇಳಿದ್ರ ಗೀಟು ಒಂದ್ ಗೇಣ್ ಬೆಳೀತದ. ಯಾರದು ಉದ್ದ ಆಗ್ತದ, ಅವರ್ ಗೆದ್ರು."

ಇರ್ಫಾನ್ ನಕ್ಕ. "ಹೊಡ್ದಾಟಾನೇ ಇಲ್ವಾ? ಅದೇನ್ ಗೇಮ್ ಯಾರ್! ನಾವೇನ್ ನಾಯಿಗಳಾ, ಮೂಸ್ಕೊಂಡ್ ತಿರ್ಗಕ್ಕೆ? ನಾನು ಚೈನ್ ತಂದಿದೀನಿ. ಪಾರ್ಟ್ ಫೋರ್!"

"ನಿನ್ ಪಾರ್ಟಿನಾಗ ಹೊಸಾದೇನದಲೇ? ಮೊದಲ ಕೈಲೆ ಹೊಡೀತಿದ್ದಿ, ಆಮ್ಯಾಗ ಹೆಂಚಿಲೆ, ಈಗ ಚೈನಿಲೆ. ಆಟ ನಂದು. ನೀ ಬರೇ ನಂಬರ್ ಹಚ್ಚೀದಿ."

ಮುರಳಿ ಹುಬ್ಬಿನ ಪಟ್ಟಿ ಮುಟ್ಟಿಕೊಂಡು, "ಅಂಪೈರ್ ಹೇಳ್ದಂಗೆ," ಎಂದು ಜಾರಿಕೊಂಡ. ಮೂವರೂ ನನ್ನ ಕಡೆ ತಿರುಗಿದರು. ಮಾಳವ್ವ ಆಗಲೇ ಕಣ್ಣಿಗೆ ಕಟ್ಟುವ ಬಟ್ಟೆಯನ್ನು ಮಡಿಸಿ ಹಿಡಿದಿದ್ದಳು.

"ಯಾವ್ದ್ ಆಡಮು, ಹೇಳಪ್ಪ."

ನನಗೆ ಅವಳ ಆಟವೇ ಬೇಕಿತ್ತು. ಸತ್ಯವಾಗಿ. ನನ್ನ ಮೂಗು ಆಗಲೇ ಹೂವಿನ ಸಾಲಿನಿಂದ ಮೀನಿನ ಸಾಲಿಗೆ ಹೊರಟಿತ್ತು. ಆದರೆ ಮೂಗಿನ ಹಿಂದೆಯೇ ತಲೆಯೂ ಹೊರಟಿತು. ಕಣ್ಣು ಕಟ್ಟಿಕೊಂಡು ತಳ್ಳುಗಾಡಿಗೆ ಡಿಕ್ಕಿ ಹೊಡೆದರೆ? ಮೋರಿಗೆ ಬಿದ್ದರೆ? ಮಾಂಸ ಕಡಿಯುವವನ ಮಚ್ಚಿನ ಕೆಳಗೆ ಹೋಗಿ ನಿಂತರೆ? ಹೊಡೆದಾಟದ ಅಪಾಯಗಳು ನನಗೆ ಬಾಯಿಪಾಠವಾಗಿದ್ದವು, ಒಂದು ಥರ ಅಭ್ಯಾಸವೂ ಆಗಿಬಿಟ್ಟಿದ್ದವು. ಹೊಸ ಆಟಕ್ಕೆ ಮೊದಲಿನಿಂದ ಹೆದರಬೇಕಿತ್ತು.

"ಪಾರ್ಟ್ ಫೋರ್," ಎಂದೆ.

ಮಾಳವ್ವ ಅಳಲಿಲ್ಲ. ಬಟ್ಟೆಯನ್ನು ಕೆಳಗೆ ಹಾಕಿ, ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, "ಬಾ," ಎಂದಳು ಇರ್ಫಾನನಿಗೆ. ಚೈನು ಅವಳ ಭುಜಕ್ಕೆ ಬಿದ್ದಾಗ ಒದ್ದೆ ಚೀಲ ಬಡಿದಂತೆ ಸದ್ದಾಯಿತು. ಒಂದು ಗೇಣು ಅಳಿಸಿದೆ. ಮತ್ತೊಂದು ಏಟು, ತೋಳಿನ ಚರ್ಮ ಸುಲಿಯಿತು, ಮತ್ತೊಂದು ಗೇಣು. ಮೂರನೆಯದಕ್ಕೆ ಅವಳು ಚೈನನ್ನೇ ಹಿಡಿದು ಎಳೆದಳು. ಮುಗ್ಗರಿಸಿ ಬಂದ ಇರ್ಫಾನನ ಬಾಯಿಗೆ ಹಣೆಯಿಂದ ಗುದ್ದಿ, ಕೆಡವಿ, ಎದೆಯ ಮೇಲೆ ಕೂತು ಬಾರಿಸತೊಡಗಿದಳು. ನಾನು ಅಳಿಸುವುದಕ್ಕಿಂತ ಬೇಗ ಹೊಡೆಯುತ್ತಿದ್ದಳು. "ಸಾಕು ಮಾಳವ್ವ, ಗೀಟು ಮುಗೀತು!" ಎಂದು ಕೂಗಿದೆ. ನನ್ನನ್ನು ನೋಡುತ್ತಲೇ ಅವನಿಗೆ ಇನ್ನೆರಡು ಕೊಟ್ಟಳು. ಆ ಎರಡು ಯಾರಿಗೆ ಸೇರಬೇಕಾದವು ಎಂದು ನನಗೆ ಆಗಲೇ ಗೊತ್ತಿತ್ತು.

ಇರ್ಫಾನ್ ಎದ್ದು ಒಂದು ಹಲ್ಲು ಉಗಿದ. "ಏನ್ ಹೊಡ್ದ್ಲು ಗುರು! ಇದೇ ಬೆಸ್ಟ್ ಪಾರ್ಟು!" ಎಂದು ಕೆಂಪು ಬಾಯಲ್ಲಿ ನಕ್ಕ. ಮರುದಿನ ಬೆಳಿಗ್ಗೆ ಟೆಂಪೋದಲ್ಲಿ ಪಾತ್ರೆ, ಬಾಂಡ್ಲಿ, ಹಾಸಿಗೆ ಸುರುಳಿಗಳ ನಡುವೆ ಮಾಳವ್ವ ಬೆನ್ನು ತಿರುಗಿಸಿ ಕೂತಿದ್ದಳು. ಮತ್ತೆ ಅವಳನ್ನು ನೋಡಲಿಲ್ಲ.

ಈಗ ನಾನು ಸಿ.ವಿ. ರಾಮನ್ ನಗರದ ಹತ್ತಿರ ಗೇಮ್ ಮಾಡುವ ಒಂದು ಕಂಪನಿಯಲ್ಲಿದ್ದೇನೆ. ಒಂದು ಹೊಡೆದಾಟದ ಆಟದ ಎಂಟನೇ ಪಾರ್ಟು ನಡೆಯುತ್ತಿದೆ. ಏಟು ಬಿದ್ದಾಗ ಗೀಟು ಸರಿಯಾಗಿ ಕಿರಿದಾಗುತ್ತದೆಯೇ ಎಂದು ಪರೀಕ್ಷಿಸುವುದು ನನ್ನ ಕೆಲಸ. ಅನುಭವ ಕೇಳಿದ್ದರೆ ಮೂವತ್ತು ವರ್ಷಕ್ಕೂ ಮೇಲೆ ಎನ್ನುತ್ತಿದ್ದೆ. ವರ್ಷಕ್ಕೊಮ್ಮೆ ಯಾರಾದರೂ ಎಳೆಯರು ಎಲ್ಲೂ ಇಲ್ಲದ ಒಂದು ಆಟವನ್ನು ಹೊತ್ತು ಮೀಟಿಂಗಿಗೆ ಬರುತ್ತಾರೆ. ಕಣ್ಣು ಹೊಳೆಯುತ್ತಿರುತ್ತದೆ. ಮೇಲಿನವರು ನನ್ನ ಕಡೆ ತಿರುಗಿ, "ರಿಸ್ಕ್ ಏನಿದೆ, ನೀವ್ ಹೇಳಿ ಸಾರ್," ಎನ್ನುತ್ತಾರೆ. ಹೇಳುತ್ತೇನೆ. ಒಂದೂ ಬಿಡದೆ ಹೇಳುತ್ತೇನೆ. ಸಂಬಳ ಬರುವುದೇ ಅದಕ್ಕೆ.

ಎಷ್ಟೋ ಸಾವಿರ ಗೇಮುಗಳು ಬಂದುಹೋದವು. ಮೂಗಿನಿಂದ ಆಡುವ ಆಟವನ್ನು ಇನ್ನೂ ಯಾರೂ ತಂದಿಲ್ಲ. ಇರ್ಫಾನನ ಎರಡು ಕಣ್ಣೂ ಚೆನ್ನಾಗಿವೆ, ಮುರಳಿ ಹುಬ್ಬಿನ ಗಾಯವನ್ನು ಮಗಳಿಗೆ ತೋರಿಸಿ ಜಂಬ ಕೊಚ್ಚುತ್ತಾನೆ. ಆ ಬೇಸಿಗೆಯಲ್ಲಿ ಕೆಟ್ಟದ್ದೇನೂ ಆಗಲಿಲ್ಲ. ಸೋಮವಾರದ ಒಂದು ಮಧ್ಯಾಹ್ನ, ನಾಲ್ಕು ಜನ ಮಕ್ಕಳು ಆಡಬಹುದಾಗಿದ್ದ ಒಂದು ಆಟವನ್ನು ಆಡಲಿಲ್ಲ, ಅಷ್ಟೇ.