ಗಿರಿಜಕ್ಕ ಆರಿಸಿಕೊಟ್ಟ ಲ್ಯಾಪ್‌ಟಾಪ್

ಗಿರಿಜಕ್ಕ ಲ್ಯಾಪ್‌ಟಾಪಿಗೆ ಗಲ್ಲ ಹಚ್ಚಿ ಜ್ವರ ನೋಡುತ್ತಿದ್ದಳು. ತಮಾಷೆಗಲ್ಲ. ಅರ್ಧ ಗಂಟೆ ಓಡಿದ ಯಂತ್ರವನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಅದರ ತಳಕ್ಕೆ ಬಲಗಲ್ಲ ಒತ್ತಿ ಕಣ್ಣು ಮುಚ್ಚುವಳು. ವರ್ಷಗಟ್ಟಲೆ ಸೋಲ್ಡರಿಂಗ್ ಐರನ್ ಹಿಡಿದು ಅವಳ ಬೆರಳು ಬಿಸಿಗೆ ಜಡ್ಡುಗಟ್ಟಿದ್ದವು. “ಕೈ ಸುಳ್ಳ ಹೇಳ್ತಾವ. ಗಲ್ಲ ಹೇಳೂದಿಲ್ಲ,” ಅನ್ನುತ್ತಿದ್ದಳು.

ಮದುವೆಯಾಗಿ ಧಾರವಾಡದಿಂದ ಮುಂಬೈಗೆ ಬಂದವಳು. ಗಂಡ ತೀರಿಕೊಂಡ ಮೇಲೆ ರಿಪೇರಿ ಕಲಿತು, ಘಾಟ್ಕೋಪರಿನ ಒಂದು ಹಳೆಯ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ಅಂಗಡಿ ಹಾಕಿದ್ದಳು. ಹಳೆಯ ಲ್ಯಾಪ್‌ಟಾಪ್ ಸರಿಮಾಡಿ ಮಾರುವುದು ಅವಳ ಕೆಲಸ. ವ್ಯವಹಾರವೆಲ್ಲ ಮರಾಠಿ, ಹಿಂದಿಯಲ್ಲಿ. ಬೈಯುವುದು ಮಾತ್ರ ಶುದ್ಧ ಧಾರವಾಡದ್ದು. ಗಿರಾಕಿ ದೇವರು ಎಂಬ ಮಾತನ್ನು ಅವಳು ಯಾವತ್ತೂ ನಂಬಿರಲಿಲ್ಲ.

ನನಗೆ ಆಗ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅದಕ್ಕೂ ಮೊದಲೇ ಡೀಜೆ ಹುಚ್ಚು ಹತ್ತಿತ್ತು. ಹಾಡು ಬೆರೆಸಲು ಎರಡು ತಿರುಗುವ ಚಕ್ರಗಳಿರುವ ಹಳೆಯ ಕಂಟ್ರೋಲರೊಂದನ್ನು ಗೆಳತಿಯಿಂದ ತಂದು ಮಂಚದ ಕೆಳಗೆ ಅಡಗಿಸಿಟ್ಟಿದ್ದೆ. ಗೆಳತಿಯದೇ ಲ್ಯಾಪ್‌ಟಾಪಿನಲ್ಲಿ ಮದುವೆಮನೆಯವರು ಅರಿಶಿನ ಹಚ್ಚಿ ಕುಣಿಯುವ ನಾಲ್ಕಾರು ‘ಹಳದಿ’ ಕಾರ್ಯಕ್ರಮಗಳಿಗೆ ಹಾಡು ಬಾರಿಸಿದ್ದೆ. ಅಪ್ಪ ವಿಜಯಪುರದವನು, ದಾದರಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನಿಗೆ ಸುಳಿವು ಹತ್ತಿತ್ತೋ ಏನೋ. “ಓದಾಕ ಲ್ಯಾಪ್‌ಟಾಪ್ ಕೊಡಸ್ತೀನಿ. ಅದರಾಗ ಕುಣಸೂ ಧಂದೆ ಬ್ಯಾಡ. ಎರಡ ದೋಣ್ಯಾಗ ಕಾಲ ಇಟ್ಟಾವ್ರು ನೀರಿಗೇ ಬೀಳ್ತಾರ,” ಅಂದ. ನಾಲ್ಕು ವರ್ಷಕ್ಕೆ ಮನೆಗೆ ಬರುವುದು ಒಂದೇ ಯಂತ್ರ. ಅದು ಎರಡೂ ಕೆಲಸ ಮಾಡಲೇಬೇಕು ಎಂದು ನಾನು ಹಟ ತೊಟ್ಟೆ. ಅಪ್ಪನ ಮುಂದೆ ಹೇಳುವ ಧೈರ್ಯವೊಂದು ಇರಲಿಲ್ಲ.

ಅಪ್ಪನ ಜೊತೆಗೇ ಗಿರಿಜಕ್ಕನ ಅಂಗಡಿಗೆ ಹೋದೆ. ಹದಿನಾರು ಜಿಬಿ ರ‍್ಯಾಮ್ ಬೇಕು, ದೊಡ್ಡ ಯುಎಸ್‌ಬಿ ಪೋರ್ಟ್ ಎರಡಾದರೂ ಬೇಕು, ಸೌಂಡ್ ತಡವಾಗಬಾರದು ಎಂದು ಪಾಠ ಒಪ್ಪಿಸಿದೆ.

“ಯಾಕ ಬೇಕು?”

“ಓದಾಕ, ಅಕ್ಕಾ.”

ಅವಳು ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. “ನನ್ನ ಹತ್ರ ಮಷಿನ್ ಇಲ್ಲ. ಹೋಗಿ ಬರ್ರಿ,” ಅಂದಳು. ಹಿಂದಿನ ಕಪಾಟಿನಲ್ಲಿ ಇಪ್ಪತ್ತು ಲ್ಯಾಪ್‌ಟಾಪ್ ಕೂತಿದ್ದವು.

ಮರುದಿನ ಒಬ್ಬಳೇ ಹೋದೆ. “ಡಾಕ್ಟರ್ ಮುಂದ ಸುಳ್ಳ ಹೇಳಬಾರದು, ವಕೀಲರ ಮುಂದ ಹೇಳಬಾರದು. ಮೂರನೇದಾಕಿ ನಾನು,” ಎಂದು ಶುರು ಮಾಡಿದಳು. ಎಲ್ಲವನ್ನೂ ಹೇಳಿದೆ. ಕೇಳಿ ತಲೆಯಾಡಿಸಿ, “ಚೊಲೋ ಆತು. ಈಗ ಇದನ್ನ ನಿಮ್ಮಪ್ಪನ ಮುಂದ ಹೇಳು. ಕದ್ದು ಮಾಡೂ ಕೆಲಸಕ್ಕ ನಾ ಮಷಿನ್ ಕೊಡೂದಿಲ್ಲವಾ,” ಅಂದಳು. ನನಗೆ ಮೈಯೆಲ್ಲ ಉರಿಯಿತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಆದರೆ ಅವಳ ಮಾತು ಬೆನ್ನು ಬಿಡಲಿಲ್ಲ, ಅಂದೇ ಸಂಜೆ ಅಪ್ಪನ ಮುಂದೆ ನಿಂತು ಹೇಳಿಬಿಟ್ಟೆ. ಅವನು ಎರಡು ದಿನ ಮಾತು ಬಿಟ್ಟ. ಮೂರನೆಯ ದಿನ, “ಆ ಅಕ್ಕಗ ನಾಕ ಮಾತ ಕೇಳಿ ಬರ್ತೀನಿ ನಡಿ,” ಎಂದು ಹೊರಟ. ಕಂಟ್ರೋಲರನ್ನು ಚೀಲಕ್ಕೆ ತುಂಬಿಕೊಂಡು ಹಿಂದೆ ನಡೆದೆ.

ಅಪ್ಪ ಕೇಳಬೇಕೆಂದಿದ್ದ ನಾಲ್ಕು ಮಾತಿಗೆ ಗಿರಿಜಕ್ಕ ಅವಕಾಶವನ್ನೇ ಕೊಡಲಿಲ್ಲ. “ಅಣ್ಣಾರ, ನೀವ ಒಂದ ಆರಸ್ರಿ,” ಅಂದಳು. ಅವನು ಬೆಳ್ಳಗೆ ಹೊಳೆಯುವ ತೆಳ್ಳನೆಯದನ್ನು ತೋರಿಸಿದ. ಅವಳು ವಾದ ಮಾಡದೆ ಮೇಜಿನ ಮೇಲೆ ಮಿರಿಮಿರಿ ಸಾಟಿನ್ ಬಟ್ಟೆ ಹಾಸಿ ಅದರ ಮೇಲಿಟ್ಟಳು. ಹಳದಿ ಕಾರ್ಯಕ್ರಮದ ಹಾಲ್‌ಗಳಲ್ಲಿ ಡೀಜೆ ಮೇಜಿಗೆ ಇಂಥದೇ ಬಟ್ಟೆ ಹೊದಿಸುತ್ತಾರೆ. ತಳದಿಂದ ಉಸಿರಾಡುವ ಯಂತ್ರಕ್ಕೆ ಅದು ಮೂಗು ಮುಚ್ಚಿದ ಹಾಗೆ. ನಾನು ಕಂಟ್ರೋಲರ್ ಜೋಡಿಸಿ ಹಾಡು ಹಚ್ಚಿದೆ. ನಲವತ್ತು ನಿಮಿಷಕ್ಕೆ ಹಾಡು ಬಿಕ್ಕಳಿಸತೊಡಗಿತು.

ಆಮೇಲೆ ಅವಳು ತಂದದ್ದು ದಪ್ಪನೆಯ ಕರೀ ಯಂತ್ರ, ಪಕ್ಕದಿಂದ ಗಾಳಿ ಎಳೆದು ಹಿಂದಿನಿಂದ ಬಿಡುವಂಥದು.

“ಇದೇನ್ರೀ ಅಕ್ಕಾರ, ಹಂಚಿನಂಗ ಐತಿ,” ಅಂದ ಅಪ್ಪ.

“ಹಂಚ ಚೊಲೋ ಇದ್ರನ ರೊಟ್ಟಿ ಚೊಲೋ ಆಗೂದು, ಅಣ್ಣಾರ.”

ಹಾಡು ಓಡುತ್ತಿರುವಾಗಲೇ ಕಾಲೇಜಿನಲ್ಲಿ ಬರೆಸುವಂಥ ಕಂಪ್ಯೂಟರ್ ಪ್ರೋಗ್ರಾಮ್ ಬರೆ ಅಂದಳು. ನನಗೆ ಬಂದಷ್ಟು ಬರೆದೆ. ಒಂದು ಗಂಟೆಯಾಯಿತು, ಹಾಡು ತಪ್ಪಲಿಲ್ಲ. ಅಪ್ಪನಿಗೆ ಸೋಲುವ ಮನಸ್ಸಿಲ್ಲ. ಬಟ್ಟೆಯನ್ನು ಬೆರಳಲ್ಲಿ ಉಜ್ಜಿ, “ಇದು ಹಗೂರ್ ಮಾಲು. ಹಾಲ್‌ನಾಗ ಇದಕ್ಕಿಂತ ದಪ್ಪಂದು ಹಾಸ್ತಾರ, ಅದೂ ಮಡಿಚಿ,” ಎಂದವನೇ ಎದ್ದು ತಾನೇ ಎರಡು ಮಡಿಕೆ ಮಾಡಿ ಯಂತ್ರದ ಕೆಳಗೆ ತುರುಕಿದ. ಮೂವತ್ತು ವರ್ಷ ಬಟ್ಟೆ ಮಾರಿದವನು. ಅವನ ಮಾತು ಸರಿಯಾಗಿಯೇ ಇತ್ತು. ಗಿರಿಜಕ್ಕ ಮೊದಲ ಸಲ ಅವನನ್ನು ಮೆಚ್ಚಿಗೆಯಿಂದ ನೋಡಿದಳು. ಇನ್ನೂ ಒಂದು ಗಂಟೆ ಮೂವರೂ ಕಾದೆವು. ಹಾಡೂ ನಿಲ್ಲಲಿಲ್ಲ, ನನ್ನ ಪ್ರೋಗ್ರಾಮೂ ನಿಲ್ಲಲಿಲ್ಲ. ಅವಳು ಯಂತ್ರ ಎತ್ತಿ ಗಲ್ಲಕ್ಕೆ ಹಚ್ಚಿ, “ಜ್ವರ ಇಲ್ಲ. ಒಯ್ರಿ,” ಅಂದಳು.

“ಒಂದ ವಿಷಯ ಫೇಲಾದ್ರೂ ಆ ಡಬ್ಬಿ ಮನ್ಯಾಗ ಇರಂಗಿಲ್ಲ,” ಅಂದ ಅಪ್ಪ, ಕಂಟ್ರೋಲರಿನ ಕಡೆ ಕೈ ಮಾಡಿ. ನಾನು ಒಪ್ಪಿದೆ. ನಾಲ್ಕು ವರ್ಷ ಒಂದರಲ್ಲೂ ಫೇಲಾಗಲಿಲ್ಲ. ಗಣಿತದಲ್ಲಿ ಮಾತ್ರ ಎರಡು ಸಲ ದೇವರೇ ಕೈ ಹಿಡಿದ.

ಅಷ್ಟರಲ್ಲಿ ಅಂಗಡಿಯಿದ್ದ ಆ ಹಳೆಯ ಬಿಲ್ಡಿಂಗು, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಯಿತು. ಗಿರಿಜಕ್ಕ ಕಾಂದಿವಲಿಯ ಒಂದು ವರ್ಕ್‌ಶಾಪಿನಲ್ಲಿ ಸಂಬಳಕ್ಕೆ ಸೇರಿದಳು. ಓದು ಮುಗಿದು ನನಗೆ ಕೆಲಸ ಸಿಕ್ಕ ಸುದ್ದಿ ಹೇಳಲು ಅಲ್ಲಿಗೆ ಹೋದೆ. ಉದ್ದನೆಯ ಸಾಲಿನಲ್ಲಿ ಹತ್ತು ಜನರ ನಡುವೆ ಕೂತಿದ್ದಳು, ಸಣ್ಣಗೆ ಕಂಡಳು. ಕೇಳಿದ್ದು ಒಂದೇ. “ಇಂಟರ್‌ವ್ಯೂದಾಗ ಡೀಜೆನೂ ಅದೀನಿ ಅಂತ ಹೇಳಿದೇನು?”

“ಹೇಳಿದೆ, ಅಕ್ಕಾ.”

“ಹಂಗಾದ್ರ ಸಾಕು. ಇನ್ನ ನಡಿ, ಇಲ್ಲಿ ಒಂದ ಮಷಿನ್‌ಗೆ ಹದಿನೈದ ನಿಮಿಷಾನ ಕೊಡ್ತಾರ.”

ಮುಂದಿನ ಸಲ ಹೋದಾಗ ಅವಳ ಜಾಗದಲ್ಲಿ ಬೇರೆ ಯಾರೋ ಇದ್ದರು. ಚೆಕ್ ಮಾಡದೆ ಮಷಿನ್ ಬಿಡುವುದಿಲ್ಲ ಎಂದು ಮಾಲೀಕನೊಂದಿಗೆ ಜಗಳವಾಡಿ ಎದ್ದು ಹೋದಳಂತೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ನನಗೆ ಅಳು ಬಂತು, ಆದರೆ ಆಶ್ಚರ್ಯವಾಗಲಿಲ್ಲ.

ಹೋದ ತಿಂಗಳು ದಾದರಿನ ಒಂದು ಹಾಲ್‌ನಲ್ಲಿ ನನ್ನ ಕಾರ್ಯಕ್ರಮವಿತ್ತು. ಅಪ್ಪ ಸ್ಪೀಕರ್ ಹೊತ್ತು ಬರುತ್ತಿದ್ದ. ಅವನ ಹಳೆಯ ಗಿರಾಕಿಯೊಬ್ಬರು ಬಾಗಿಲಲ್ಲಿ ಸಿಕ್ಕಿ, ಮಗಳು ಏನು ಮಾಡುತ್ತಾಳೆ ಎಂದು ಕೇಳಿದರು. ಅಪ್ಪ ಸ್ಪೀಕರ್ ಕೆಳಗಿಟ್ಟು, “ಇಂಜಿನಿಯರ್ ಅದಾಳ್ರಿ, ಡೀಜೆ ಅದಾಳ,” ಅಂದ. ಎರಡನ್ನೂ ಒಂದೇ ಉಸಿರಿಗೆ, ಒಂದೇ ದನಿಯಲ್ಲಿ. ಇದನ್ನು ಹೇಳಬೇಕಾದವಳು ಇಡೀ ಮುಂಬೈಯಲ್ಲಿ ನನಗೆ ಒಬ್ಬಳೇ. ಅಲ್ಲೇ ಪಕ್ಕಕ್ಕೆ ನಿಂತು ಗಿರಿಜಕ್ಕನ ಹಳೆಯ ನಂಬರಿಗೆ ಫೋನ್ ಹಚ್ಚಿದೆ. ಈ ನಂಬರ್ ಚಾಲ್ತಿಯಲ್ಲಿಲ್ಲ ಎಂದು ಹೆಂಗಸೊಬ್ಬಳ ದನಿ ಮರಾಠಿಯಲ್ಲಿ ಹೇಳಿತು.